ಹೆಸರೆತ್ತಬಾರದ ಕಾಯಿಲೆ

ಚಳಿಗಾಲಕ್ಕೆ ಕೂಡಿಡಲೆಂದು ಸ್ತೋಲಿಪಿನೊವೊ ಕೇರಿಯ ಅಂಗಳಗಳಲ್ಲೆಲ್ಲ ದಪ್ಪ ಮೆಣಸಿನಕಾಯಿ ಸುಡುತ್ತಿದ್ದರು. ಸೆವ್ದಾಳೂ ಅತ್ತೆ ನಫಿಯೆಯ ಜೊತೆ ಕೂತು ಸಿಪ್ಪೆ ಬಿಡಿಸುತ್ತಿದ್ದಳು. ವಸಂತಕ್ಕೆ ಸೆವ್ದಾಳ ಮಗಳು ಅಸ್ಯಾಳ ಮದುವೆ. ಮಾತು ಅದರದೇ ನಡೆದಿತ್ತು, ಆದರೆ ಸೆವ್ದಾಳ ಮನಸ್ಸು ತನ್ನ ಎದೆಯಲ್ಲಿದ್ದ ಗಂಟಿನ ಮೇಲಿತ್ತು. ಬೇಸಿಗೆಯಿಂದಲೂ ಅದು ಅಲ್ಲೇ ಇತ್ತು.

ಆ ಕೇರಿಯಲ್ಲಿ ಕ್ಯಾನ್ಸರ್ ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. 'ಆ ಕೆಟ್ಟದ್ದು' ಎಂದು ದನಿ ತಗ್ಗಿಸುತ್ತಿದ್ದರು. ಅದು ಹೊಕ್ಕ ಮನೆಯ ಹೆಣ್ಣನ್ನು ಯಾರೂ ತಂದುಕೊಳ್ಳುತ್ತಿರಲಿಲ್ಲ.

ಸೆವ್ದಾ ಕೊನೆಗೆ ಹೇಳಿಯೇಬಿಟ್ಟಳು. ನಫಿಯೆ ಚಾಕು ಕೆಳಗಿಟ್ಟಳು.

"ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ ಅತ್ತೆ. ಆರೋಗ್ಯ ಕಾರ್ಯಕರ್ತೆ ಸ್ತೇಫ್ಕಾ ಜೊತೆ ಆಸ್ಪತ್ರೆಗೆ ಹೋಗ್ತೀನಿ. ನೋವಿಲ್ಲ ಅಂತ ಬಿಡ್ಬೇಡಿ, ನೋವು ಬರೋ ಹೊತ್ತಿಗೆ ತಡ ಆಗಿರುತ್ತೆ ಅಂತಾಳೆ ಅವಳು."

"ಅವಳಿಗೇನು, ಮದುವೆಗಿರೋ ಮಗಳಿದಾಳಾ? ಅವಳ ಜೊತೆ ಬಸ್ ಹತ್ತಿದ್ರೆ ಸಂಜೆಯೊಳಗೆ ಕೇರಿಗೆಲ್ಲ ಗೊತ್ತಾಗುತ್ತೆ. ಮದುವೆ ಮುಗೀಲಿ. ಹೆಸರೆತ್ತಿದ್ರೆ ಅದು ಬೆಳೆಯುತ್ತೆ."

"ಸಾಬ್ರಿಯೆ ಹೆಸರೆತ್ತಿದ್ಲಾ?"

ಮುದುಕಿಯ ಮುಖ ಕಪ್ಪಿಟ್ಟಿತು. ಸಾಬ್ರಿಯೆ ಅವಳ ಮಗಳು. ಎದೆ ಹುಣ್ಣಾಗುವವರೆಗೂ ಶಾಲಿನೊಳಗೆ ಮುಚ್ಚಿಟ್ಟುಕೊಂಡು ಸತ್ತಿದ್ದಳು. ಹೃದಯ ನಿಂತಿತೆಂದು ಕೇರಿಗೆ ಹೇಳಿದ್ದರು.

"ಅವಳ ವಿಷ್ಯ ಬೇಡ."

"ಸತ್ತ ಮೇಲೆ ಅವಳ ಮೈ ತೊಳೆದವಳು ನಾನು, ಅತ್ತೆ. ನೋಡಿದೀನಿ."

ಮರುದಿನ ಸೆವ್ದಾ ಹಾಡಹಗಲೇ ಸ್ತೇಫ್ಕಾಳ ಜೊತೆ ಹೊರಟಳು. ಬಾಗಿಲಲ್ಲಿ ಕೂತು ಸೂರ್ಯಕಾಂತಿ ಬೀಜ ಜಗಿಯುತ್ತಿದ್ದ ನೆರೆಯವಳು, "ಎಲ್ಲಿಗೆ ಸವಾರಿ?" ಎಂದಳು.

"ಎದೇಲಿ ಗಂಟಿದೆ. ಕ್ಯಾನ್ಸರಾ ಅಂತ ತೋರಿಸೋಕೆ."

ನೆರೆಯವಳು ಬೀಜ ಅಲ್ಲೇ ಬಿಟ್ಟು ಪಕ್ಕದ ಮನೆಗೆ ಓಡಿದಳು.

ಅದು ಕ್ಯಾನ್ಸರೇ. ಆದರೆ ಚಿಕ್ಕದು, ಬೇರೆಲ್ಲೂ ಹರಡಿರಲಿಲ್ಲ. ಗುಣವಾಗುತ್ತದೆಂದು ಡಾಕ್ಟರು ಧೈರ್ಯ ಹೇಳಿದರು. ಶಸ್ತ್ರಚಿಕಿತ್ಸೆ ಮುಗಿಸಿ ಸೆವ್ದಾ ಮನೆಗೆ ಬಂದಳು. ನಫಿಯೆ ಬಿಸಿ ಸಾರಿನ ಬಟ್ಟಲನ್ನು ತಾನೇ ತಂದಿಟ್ಟಳು.

ಒಂದೆರಡು ದಿನ ಕಳೆದ ಮೇಲೆ ಗಂಡಿನ ತಾಯಿ ಹಾತಿಜೆ ಒಬ್ಬಳೇ ಬಂದಳು. ಅಸ್ಯಾ ಮುಖ ಸಣ್ಣದು ಮಾಡಿಕೊಂಡು ಒಳಗೆ ಸರಿದಳು. ನಫಿಯೆ ಸೊಸೆಗೆ ಅಡ್ಡವಾಗಿ ನಿಂತಳು.

"ಏನು ಹೇಳೋದಿದ್ರೂ ನನಗೆ ಹೇಳು. ಅವಳಿನ್ನೂ ಸುಧಾರಿಸ್ಕೊಂಡಿಲ್ಲ."

ಹಾತಿಜೆ ಬಾಗಿಲು ಮುಚ್ಚಿದಳು. ತಲೆವಸ್ತ್ರದ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಮದುವೆ ಮುರಿಯೋಕೆ ಬಂದಿಲ್ಲ," ಎಂದಳು. "ಸೆವ್ದಾ, ಆಸ್ಪತ್ರೇಲಿ ನೋಡೋರು ಹೆಂಗಸರೇನಾ? ನನಗೂ ಒಂದಿದೆ. ಕಂಕುಳ ಹತ್ರ. ಹೋದ ವರ್ಷದಿಂದ."

ಸೆವ್ದಾ ಏಳಲು ಹೋದಳು. ನಫಿಯೆ ಅವಳ ಭುಜ ಒತ್ತಿ ಕೂರಿಸಿದಳು.

"ನೀನು ಮಲಗು. ನಾನು ಕರ್ಕೊಂಡು ಹೋಗ್ತೀನಿ."

ಕೋಟು ತೊಟ್ಟು, ಹಾತಿಜೆಯ ಕೈ ಹಿಡಿದು ಹೊಸ್ತಿಲು ದಾಟಿದ ಮುದುಕಿ, ಬೀದಿಗೆಲ್ಲ ಕೇಳುವಂತೆ ಸ್ತೇಫ್ಕಾಳನ್ನು ಕೂಗಿದಳು.