ಮಂಗಳವಾರದ ಕಟಿಂಗ್

ಈಗ ಬಾಯಿ ಬಿಡಬೇಕೋ, ಇನ್ನೂ ಕಾಯಬೇಕೋ? ನಡುವೆ ಬಾಯಿ ಹಾಕಿದರೆ ಮನೆಯವರ ಸಹಕಾರವಿಲ್ಲ ಎಂದುಕೊಂಡಾರು. ಸುಮ್ಮನಿದ್ದರೆ ಒಪ್ಪಿದ ಎಂದುಕೊಂಡಾರು. ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಾ ತಮ್ಮ ಕುಳಿತಿದ್ದ. ಪಕ್ಕದಲ್ಲಿ ಅಕ್ಕ. ಎದುರಿಗೆ ಮಾನಸಿಕ ರೋಗಗಳ ಡಾಕ್ಟರ್, ನರ್ಸ್, ಯಾರು ಯಾವಾಗ ಬರಬೇಕೆಂದು ಹೊಂದಿಸುವ ಸಂಯೋಜಕಿ. ಆ ಮೂವರೂ ಆಸ್ಪತ್ರೆಯ ಒಂದೇ ಕೋಣೆಯಲ್ಲಿ ಕುಳಿತದ್ದು ಅದೇ ಮೊದಲು; ಅದರ ಸಂಭ್ರಮ ಅವರ ಮುಖದಲ್ಲಿತ್ತು.

"ಇನ್ಮೇಲೆ ನೀವು ನಮ್ಮ ಹಿಂದೆ ಅಲೆಯೋದು ಬೇಡಮ್ಮಾ," ಎಂದಳು ಸಂಯೋಜಕಿ. "ಪ್ರತಿ ಮಂಗಳವಾರ ಬೆಳಿಗ್ಗೆ ನಾವೇ ಮನೆಗೆ ಬರ್ತೀವಿ. ಮಾತು, ಮಾತ್ರೆ, ಇಂಜೆಕ್ಷನ್, ಎಲ್ಲಾ ಅಲ್ಲೇ."

"ಮಂಗಳವಾರ ಆಗಲ್ಲ," ಎಂದಳು ಅಕ್ಕ.

"ನಮ್ಮ ಮೂವರಿಗೂ ಬಿಡುವಿರೋದು ಅವತ್ತೊಂದೇ ದಿನ."

"ಅವತ್ತು ಕಟಿಂಗ್."

ಯಾರಿಗೂ ಅರ್ಥವಾಗಲಿಲ್ಲ. ಅಕ್ಕ ಸಮಾಧಾನವಾಗಿಯೇ ಬಿಡಿಸಿ ಹೇಳಿದಳು. ತಾನು ಕೆಲಸಕ್ಕಿರುವ ಹೊಲಿಗೆ ಅಂಗಡಿಯ ಮಾಸ್ಟರ್ ಮಂಗಳವಾರ ಬೆಳಿಗ್ಗೆ ವಾರದ ಬಟ್ಟೆಯನ್ನೆಲ್ಲ ಕತ್ತರಿಸಿ, ಎದುರಿಗೆ ನಿಂತವರಿಗೆ ಗಂಟು ಹಂಚುತ್ತಾನೆ. ನಿಲ್ಲದವರಿಗೆ ಆ ವಾರ ಕೆಲಸವಿಲ್ಲ. ಮತ್ತೆ ತಪ್ಪಿದರೆ ಮಿಷನ್ ಬೇರೆಯವರ ಪಾಲು. ಮಾತ್ರೆ ಅವಳ ಕಿವಿಯೊಳಗಿನ ದನಿಗಳನ್ನು ಅಡಗಿಸಿತ್ತು ನಿಜ. ಖಾಲಿಯಾದ ಆ ಜಾಗವನ್ನು ತುಂಬಿದ್ದು ಆ ಮಿಷನ್. ಅದು ತಮ್ಮನಿಗೆ ಗೊತ್ತಿತ್ತು.

"ಕೆಲಸ ಎಲ್ಲಿ ಹೋಗುತ್ತಮ್ಮಾ? ಆರೋಗ್ಯ ಮೊದಲು," ಎಂದರು ಡಾಕ್ಟರ್. "ಇದೆಲ್ಲ ನಿಮ್ಮ ಅನುಕೂಲಕ್ಕೇ ಮಾಡಿರೋದು."

"ನನ್ನ ಅನುಕೂಲ ಏನು ಅಂತ ನನ್ನ ಕೇಳಿದ್ರಾ?" ಅಕ್ಕನ ದನಿ ಏರಿತು. "ಮೊದಲು ಮೂರು ಕಡೆ ಅದೇ ಕಥೆ ಹೇಳಿಸ್ತಿದ್ರಿ. ಈಗ ಒಟ್ಟಿಗೆ ಕೂತಿದ್ದೀರಿ, ಒಬ್ಬರಿಗೂ ಕಿವಿ ಇಲ್ಲ! ಅಳತೆ ತಗೊಳ್ಳದೆ ಅಂಗಿ ಹೊಲಿದು, ಮೈಯೇ ಸರಿಯಿಲ್ಲ ಅಂತೀರಲ್ಲ!"

ನರ್ಸ್ ನಗು ತಡೆದುಕೊಂಡಳು. ಅಕ್ಕ ಮೇಜು ಗುದ್ದಿದಳು. ನೀರಿನ ಲೋಟ ಉರುಳಿತು.

ಇದೇ ಡಾಕ್ಟರ್ ಬೆಳಿಗ್ಗೆ ಕಾರು ನಿಲ್ಲಿಸಲು ಜಾಗವಿಲ್ಲವೆಂದು ಕಾವಲುಗಾರನ ಮೇಲೆ ಹರಿಹಾಯ್ದದ್ದನ್ನು ತಮ್ಮ ನೋಡಿದ್ದ. ಅವರಿಗೆ ಯಾರೂ ಮಾತ್ರೆ ಬರೆದುಕೊಟ್ಟಿರಲಿಲ್ಲ.

ಡಾಕ್ಟರ್ ಅಕ್ಕನನ್ನು ಬಿಟ್ಟು ಇವನತ್ತ ತಿರುಗಿದರು. "ಮನೇಲೂ ಹೀಗೇ ರೇಗ್ತಾರಾ?"

"ಹೇಳೋ," ಎಂದಳು ಅಕ್ಕ. "ನಿನ್ನ ಬಾಯಿಗೇನು ಬೀಗ ಜಡಿದಿದ್ದಾರಾ?"

ಅವನಿಗೂ ಸಿಟ್ಟು ಬಂದಿತ್ತು. ಆದರೆ ಇಲ್ಲಿ ಸಿಟ್ಟು ಬಂದವರಿಗೆ ಏನಾಗುತ್ತದೆ ಎಂಬುದನ್ನು ಈಗಷ್ಟೇ ಕಂಡಿದ್ದ.

"ಒಮ್ಮೊಮ್ಮೆ," ಎಂದ.

ತಾನು ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದಾಗ ಅವಳು ಬೈಯುತ್ತಿದ್ದಳು. ಅವನ ಮನಸ್ಸಿನಲ್ಲಿದ್ದದ್ದು ಅಷ್ಟೇ. ಡಾಕ್ಟರ್ ತಲೆಯಾಡಿಸಿ ನರ್ಸ್‌ಗೆ ಹೇಳಿದರು: "ಡೋಸ್ ಸ್ವಲ್ಪ ಹೆಚ್ಚಿಸೋಣ."

ಅಕ್ಕ ಆಮೇಲೆ ಮಾತಾಡಲಿಲ್ಲ. ಅವಳು ಶಾಂತಳಾದಳು ಎಂದು ಅವರು ಅಂದುಕೊಂಡರು.

ಮಂಗಳವಾರ ಮೂವರೂ ಬಂದರು. ಮುಂದಿನ ಮಂಗಳವಾರವೂ ಬಂದರು. ಅಷ್ಟರಲ್ಲಿ ಅಕ್ಕನ ಮಿಷನ್ ಮುಂದೆ ಇನ್ನೊಬ್ಬಳು ಕುಳಿತಾಗಿತ್ತು. ಅಕ್ಕ ಮಂಕಾಗಿ ಗೋಡೆ ನೋಡುತ್ತಿದ್ದಳು. "ಹೊತ್ತು ಹೋಗೋಕೆ ಏನಾದ್ರೂ ಕೈಕೆಲಸ ಕಲೀರಿ, ಹೊಲಿಗೆ ಗಿಲಿಗೆ," ಎಂದಳು ಸಂಯೋಜಕಿ.

ತಮ್ಮ ಅವರಿಗೆ ಕುರ್ಚಿ ಹಾಕಿದ, ಕುಡಿಯಲು ನೀರು ಕೊಟ್ಟ, ಬಾಗಿಲವರೆಗೆ ಹೋಗಿ ಕಳಿಸಿಬಂದ. ಅವತ್ತು ಆಸ್ಪತ್ರೆಯಲ್ಲಿ ಅಕ್ಕ ಆಡಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ ಎಂದು ಮಾತ್ರ ಅವನು ಅವರಿಗೂ ಹೇಳಲಿಲ್ಲ, ಅಕ್ಕನಿಗೂ ಹೇಳಲಿಲ್ಲ.