ಇವಳೊಬ್ಬಳೇ ಓಡಿಸೋದು

“ಮನೇಲಿ ಗಾಡಿ ಓಡಿಸೋರು ಎಷ್ಟು ಜನ ಸರ್?” ಎಂದು ಶೋರೂಮಿನ ಹೆಂಗಸು ಕೇಳಿದಾಗ ಅವನು ಬಗ್ಗಿ, ಸೀಟು ಎತ್ತರಿಸುವ ಹಿಡಿ ಎಲ್ಲಿದೆಯೆಂದು ತಡಕುತ್ತಿದ್ದ. ತಲೆಯೆತ್ತದೆಯೇ, “ಇವಳೊಬ್ಬಳೇ ಓಡಿಸೋದು” ಎಂದ.

ಹೆಂಡತಿ ಪಕ್ಕದಲ್ಲೇ ಇದ್ದಳು. ಹುಷಾರಾಗುವ ತನಕ ತಾನೇ, ಆಮೇಲೆ ನೀವೂ ಓಡಿಸ್ತೀರಲ್ಲ ಎಂದು ತಿದ್ದಬೇಕೆನ್ನಿಸಿತು. ಪರರೆದುರು ಬೇಡವೆಂದುಕೊಂಡಳು.

ಗಾಡಿ ಬದಲಿಸೋಣ ಎಂದವನು ಅವನೇ. ಹನ್ನೊಂದು ವರ್ಷದಿಂದ ಮನೆಯಲ್ಲಿದ್ದದ್ದು ಕೆಂಪು ಬಣ್ಣದ, ನೆಲಕ್ಕೆ ಅಂಟಿಕೊಂಡಂತೆ ಓಡುವ ಚಿಕ್ಕ ಕಾರು. ಮುಟ್ಟಿದರೆ ಸಾಕು, ಚಿಮ್ಮುತ್ತಿತ್ತು. ಅವನು ಲಿಫ್ಟ್ ಮೆಕ್ಯಾನಿಕ್. ವಾರವಿಡೀ ಮೇಲೆ ಕೆಳಗೆ ಹೋಗೋದೇ ಆಯ್ತು, ಮುಂದಕ್ಕೆ ಹೋಗೋಕೆ ನನಗಿರೋದು ಇದೊಂದೇ ಎಂದು ನಗಿಸುತ್ತಿದ್ದ. ಭಾನುವಾರ ಊರಾಚೆಯ ತಿರುವುಗಳಲ್ಲಿ ಅವನು ಗಾಡಿಯನ್ನು ರಭಸವಾಗಿ ಹೊರಳಿಸಿದರೆ ಅವಳು ಕಣ್ಣು ಮುಚ್ಚಿ ಬಯ್ಯುವಳು. ಇಳಿದ ಮೇಲೆ ಇಬ್ಬರೂ ನಗುವರು. ಅವನ ಕಾಯಿಲೆ ಬೆನ್ನುಮೂಳೆಗೆ ಹತ್ತಿದ ಮೇಲೆ ನಗು ನಿಂತಿತು. ಆ ಕಾರಿನ ಗಡಸು ಸೀಟಿನಲ್ಲಿ ರಸ್ತೆಯ ಒಂದೊಂದು ಉಬ್ಬಿಗೂ ಅವನ ತುಟಿ ಬೆಳ್ಳಗಾಗುತ್ತಿತ್ತು. ಮೆತ್ತಗಿನ ಗಾಡಿ ಬಂದರೆ ಆಸ್ಪತ್ರೆಗೆ ಹೋಗಿ ಬರುವಾಗ ಇವರಿಗೆ ಸ್ವಲ್ಪ ಸುಖ ಎಂದುಕೊಂಡೇ ಅವಳು ಒಪ್ಪಿದ್ದಳು.

ಅದಕ್ಕೇ ಅವಳ ಕಣ್ಣು ಹಿಂದಿನ ಸೀಟಿನ ಮೇಲಿತ್ತು. ಕಾಲು ಮಡಚಿ ಮಲಗಬಹುದೇ, ಬಾಗಿಲು ಪೂರ್ತಿ ತೆರೆಯುತ್ತದೆಯೇ ಎಂದು ನೋಡುತ್ತಿದ್ದಳು. ಅವನು ಅತ್ತ ತಿರುಗಿಯೂ ನೋಡಲಿಲ್ಲ. ಅವಳು ಹಲ್ಲುಸೆಟ್ಟು ತಯಾರಿಸುವ ಲ್ಯಾಬಿಗೆ ದಿನಾ ಹೋಗುವುದು ಇಪ್ಪತ್ತೆರಡು ಕಿಲೋಮೀಟರು. ಆ ಜನಜಂಗುಳಿಯ ರಸ್ತೆಯಲ್ಲಿ ನಿಜವಾದ ಮೈಲೇಜ್ ಎಷ್ಟು ಎಂದು ಕೇಳಿದ. ಕ್ಲಚ್ ಇಲ್ಲದಿದ್ದರೆ ಎಡಮಂಡಿ ನೋವಿರುವವರಿಗೆ ಎಷ್ಟು ಅನುಕೂಲ ಎಂದು ಕೇಳಿದ. ಸ್ಟೆಪ್ನಿಯನ್ನು ಒಬ್ಬರೇ ಎತ್ತಲು ಆದೀತೇ ಎಂದು ಕೇಳಿ, ಡಿಕ್ಕಿ ತೆರೆಸಿ, ತನ್ನ ಬೆನ್ನನ್ನೂ ಮರೆತು ಬಗ್ಗಿ ನೋಡಿದ. ಕೊನೆಗೆ ಅವಳನ್ನು ಸ್ಟೇರಿಂಗಿನ ಮುಂದೆ ಕೂರಿಸಿ ತಾನು ಪಕ್ಕದಲ್ಲಿ ಕುಳಿತ.

ಶೋರೂಮಿನವಳು ನೀರು ತರಲು ಹೋದಾಗ ಹೆಂಡತಿ ಎಂದಳು, “ನಿಮ್ಮ ಸೀಟು ಸ್ವಲ್ಪ ಹಿಂದಕ್ಕೆ ತಳ್ಳಿಕೊಳ್ರೀ. ಕಾಲು ಚಾಚೋಕೆ ಆಗುತ್ತಾ ನೋಡಿ.”

“ನನ್ನದು ಬಿಡು. ಹತ್ತು ವರ್ಷ ಓಡಿಸ್ಬೇಕಾದವಳು ನೀನು. ನಿನಗೆ ಸರಿಹೋಗುತ್ತಾ ಹೇಳು.”

ಹತ್ತು ವರ್ಷ. ಡಾಕ್ಟರು ಅವಳಿಗೆ ಹೇಳಿದ್ದು ಕೆಲವೇ ತಿಂಗಳು. ಅವನಿಗೆ ಗೊತ್ತಿಲ್ಲವೆಂದು ಅವಳು ಅಷ್ಟು ದಿನ ಸೆರಗಿನಲ್ಲಿ ಕೆಂಡ ಕಟ್ಟಿಕೊಂಡಂತೆ ಓಡಾಡಿದ್ದಳು. ಈಗ ಸ್ಟೇರಿಂಗನ್ನು ಬಿಗಿಹಿಡಿದು ಎದುರಿನ ಗಾಜನ್ನೇ ನೋಡಿದಳು.

“ನನಗೆ ಈ ಗಾಡಿ ಬೇಡ,” ಎಂದಳು.

“ನಂಗೂ ಬೇಡ ಕಣೇ,” ಎಂದ ಅವನು. “ಆದ್ರೂ ತಗೊಳ್ಳೋಣ.”

ಕೆಂಪು ಕಾರನ್ನು ಹೊಸದಾಗಿ ಮದುವೆಯಾದ ಬೇಕರಿಯವನೊಬ್ಬ ಕೊಂಡ. ಎರಡನೇ ಗೇರು ಹಟಮಾರಿ, ಬಯ್ಯದೆ ಮೆತ್ತಗೆ ಹಾಕಬೇಕು ಎಂದು ಗಂಡ ಅವನಿಗೆ ಮೂರು ಸಲ ಹೇಳಿದ. ಗಾಡಿ ತಿರುವಿನಲ್ಲಿ ಮರೆಯಾದ ಮೇಲೂ ಗಂಡ ಗೇಟು ಹಿಡಿದೇ ನಿಂತಿದ್ದ. ಒಳಗೆ ಬನ್ನಿ ಎಂದು ಅವಳು ಭುಜ ಮುಟ್ಟಿದಾಗ, ಗೇರು ತಡವಾಗಿ ಹಾಕಿದ ನೋಡು ಎಂದ.

ಬೂದಿ ಬಣ್ಣದ ಹೊಸ ಗಾಡಿಯಲ್ಲಿ ಅವಳು ಸೋಮವಾರ ಕೆಲಸಕ್ಕೆ ಹೋದಳು. ಅವನು ಹೇಳಿದ್ದೆಲ್ಲ ನಿಜವಾಗಿತ್ತು. ಮಂಡಿ ನೋಯಲಿಲ್ಲ, ಸೊಂಟ ಹಿಡಿಯಲಿಲ್ಲ. ಆ ಸುಖಕ್ಕೆ ಅವಳಿಗೆ ನಾಚಿಕೆಯಾಯಿತು.

ಸಂಜೆ ಇನ್ನೂ ಬಿಸಿಲಿರುವಾಗಲೇ ಮನೆ ಮುಟ್ಟಿದಳು. ಅವನು ಮನೆ ಹಿಡಿದ ಮೇಲೆ ಕೆಂಪು ಕಾರನ್ನು ಓಡಿಸಿಕೊಂಡು ಬರುತ್ತಿದ್ದವಳೂ ಅವಳೇ. ಅದರ ಗುಡುಗು ಮೂರು ಬೀದಿ ಆಚೆಗೇ ಕೇಳಿ, ಅವಳು ಗೇಟಿಗೆ ಬರುವಷ್ಟರಲ್ಲಿ ಅವನು ತಲೆ ಬಾಚಿ, ಬಾಗಿಲಲ್ಲಿ ನಿಂತು, ಏನಾದರೊಂದು ತಮಾಷೆ ತೆಗೆಯುತ್ತಿದ್ದ. ಇವತ್ತು ಬಾಗಿಲು ಮುಚ್ಚಿತ್ತು. ಬೀಗದ ಕೈ ಹಿಡಿದು ಮೆಟ್ಟಿಲೇರಿದವಳು ಕಿಟಕಿಯಲ್ಲಿ ಕಂಡದ್ದಕ್ಕೆ ಹಾಗೇ ನಿಂತಳು.

ಅವನು ನೆಲದ ಮೇಲೆ ಮುದುಡಿದ್ದ. ಒಂದು ಕೈ ಮೇಜಿನ ಕಾಲನ್ನು ಹಿಡಿದಿತ್ತು. ಬಾಯಿಗೆ ಟವೆಲ್ ತುರುಕಿಕೊಂಡಿದ್ದ. ಅದರೊಳಗಿಂದ ಬರುತ್ತಿದ್ದ ಸದ್ದನ್ನು ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಕೇಳಿರಲಿಲ್ಲ. ನೋವಿನ ಮಾತ್ರೆಯ ಪಟ್ಟಿ ಕೈಯಳತೆಯಲ್ಲೇ, ಖಾಲಿಯಾದ ಲೋಟದ ಪಕ್ಕ ಬಿದ್ದಿತ್ತು. ಬಾಗಿಲು ತೆರೆಯಲು ಅವಳ ಕೈ ಮುಂದಾಯಿತು. ದಿನಾ ಸಂಜೆ ಬಾಚಿಕೊಂಡು ನಿಲ್ಲುತ್ತಿದ್ದ ಆ ತಲೆಯನ್ನು ನೋಡಿದಳು. ಕೈ ಹಿಂದೆಗೆಯಿತು.

ಒಂದೊಂದೇ ಮೆಟ್ಟಿಲು ಇಳಿದು ಗಾಡಿಯಲ್ಲಿ ಕುಳಿತಳು. ಬೀದಿಯ ತುದಿಯವರೆಗೂ ಹಿಂದಕ್ಕೆ ತೆಗೆದುಕೊಂಡಳು. ಚಕ್ರದಡಿಯ ಒಣ ಎಲೆಯ ಸಪ್ಪಳ ಬಿಟ್ಟರೆ ಏನೂ ಕೇಳಲಿಲ್ಲ. ಅಲ್ಲಿ ಕುಳಿತು ಕಣ್ಣೊರೆಸಿಕೊಂಡಳು. ನುಂಗಿದ ಮಾತ್ರೆ ಕೆಲಸ ಮಾಡಲು ಬೇಕಾಗುವಷ್ಟು ಹೊತ್ತು ಕಾದಳು. ಆಮೇಲೆ ಹಾರ್ನ್ ಒತ್ತಿದಳು, ಉದ್ದಕ್ಕೆ, ಎರಡು ಸಲ. ಮತ್ತೆ ನಿಧಾನವಾಗಿ ಬಂದು ಗೇಟಿನೆದುರು ನಿಲ್ಲಿಸಿದಳು.

ಬಾಗಿಲು ತೆರೆಯಿತು. ಅವನ ಒದ್ದೆ ಕೂದಲು ನೀಟಾಗಿ ಕೂತಿತ್ತು.

“ಏನೇ ಇದು, ಬೀದಿಗೆಲ್ಲ ಡಂಗುರ?”

“ಹಾರ್ನ್ ಹೇಗಿದೆ ಅಂತ ನೋಡಿದೆ ಕಣ್ರೀ,” ಎಂದಳು. “ನೀವು ಒಳಗೆ ನಡೀರಿ, ಬಂದೆ.”

ಹಿಂದಿನ ಬಾಗಿಲು ತೆರೆದು, ಖಾಲಿ ಸೀಟಿನ ಮೇಲೆ ಬಗ್ಗಿ, ಏನನ್ನೋ ಹುಡುಕುವವಳಂತೆ ಕೈಯಾಡಿಸುತ್ತ ನಿಂತಳು. ಒಳಗೆ ಕುರ್ಚಿ ಎಳೆದುಕೊಂಡು ಅವನು ಕೂತ ಸದ್ದು ಕೇಳುವ ತನಕ.