ಬಲಮಗ್ಗುಲು

"ಎಡಮಗ್ಗುಲೋ, ಬಲಮಗ್ಗುಲೋ?"

ಕೇಳಿದ್ದು ಯಾರನ್ನೂ ಅಲ್ಲ. ಅಂಗಡಿಯಲ್ಲಿ ಆಗ ಅವಳನ್ನು ಬಿಟ್ಟರೆ ಇದ್ದದ್ದು ಹೊಲಿಗೆಯಂತ್ರ, ಗೋಡೆಗೆ ನೇತುಹಾಕಿದ್ದ ಆರು ಅಂಗಿಗಳು, ತಲೆಯಿಲ್ಲದ ಕೈಯಿಲ್ಲದ ಒಂದು ಮರದ ಬೊಂಬೆ. ಬೊಂಬೆಯ ಕೊರಳಿನಿಂದ ಅಳತೆಪಟ್ಟಿ ಇಳಿಬಿದ್ದಿತ್ತು. ಟೈಲರಮ್ಮ ಪೆಡಲಿನಿಂದ ಕಾಲು ತೆಗೆದು, ಸೂಜಿಯ ಕೆಳಗಿದ್ದ ತೋಳನ್ನು ಹಾಗೆಯೇ ಬಿಟ್ಟು, ಮಡಿಸಿಟ್ಟಿದ್ದ ಹಾಳೆಯನ್ನು ಮತ್ತೊಮ್ಮೆ ಬಿಡಿಸಿದಳು.

ಹಾಳೆಯಲ್ಲಿ ಒಂದು ಚಿಕ್ಕ ದ್ವೀಪದ ಚಿತ್ರ. ಅವಳ ಗಂಡ ನೀರಿನ ಕಚೇರಿಯಲ್ಲಿ ಮನೆಮನೆಯ ಮೀಟರು ಓದುತ್ತಿದ್ದವನು, ಹೋದ ವಾರ ನಿವೃತ್ತನಾಗಿದ್ದ. ಜೊತೆಯವರೆಲ್ಲ ಸೇರಿ ಇಬ್ಬರಿಗೂ ಮೂರು ದಿನ ಆ ದ್ವೀಪದಲ್ಲಿ ಇದ್ದು ಬರುವ ಏರ್ಪಾಡು ಮಾಡಿ ಉಡುಗೊರೆ ಎಂದು ಕೊಟ್ಟಿದ್ದರು. ಗಡಿಯಾರ ಕೊಟ್ಟಿದ್ದರೆ ಗೋಡೆಗೆ ಹಾಕಿ ಮರೆತುಬಿಡಬಹುದಿತ್ತು. ದ್ವೀಪದ ಹೆಸರನ್ನು ಓದಿ ಹೇಳಿದಾಗ ಅವನ ಮುಖ ಏನಾಯಿತೆಂಬುದು ಚಪ್ಪಾಳೆ ತಟ್ಟುತ್ತಿದ್ದವರಿಗೆ ತಿಳಿಯಲಿಲ್ಲ. ಕೊನೆಯ ಸಾಲಿನಲ್ಲಿ ಕುಳಿತಿದ್ದ ಅವಳಿಗೆ ತಿಳಿಯಿತು.

ದ್ವೀಪ ಅಂಗಾತ ಮಲಗಿದ ಮನುಷ್ಯನ ಹಾಗಿತ್ತು. ತಲೆಯ ಕಡೆಗೆ ಗುಡ್ಡ, ಕಾಲಿನ ಕಡೆಗೆ ದೋಣಿಕಟ್ಟೆ. ಉಳಿದುಕೊಳ್ಳಲು ಮೂರು ಭಾಗಗಳಿವೆ, ಯಾವುದು ಬೇಕೆಂದು ಶುಕ್ರವಾರದೊಳಗೆ ತಿಳಿಸಿ ಎಂದು ಕೆಳಗೆ ಅಚ್ಚಾಗಿತ್ತು: ಪಾದ, ಎಡಮಗ್ಗುಲು, ಬಲಮಗ್ಗುಲು. ಪಾದವೆಂದರೆ ದೋಣಿಕಟ್ಟೆ, ಅಂಗಡಿ, ಗದ್ದಲ. ಅದು ಬೇಡ. ಉಳಿದೆರಡರಲ್ಲಿ ಯಾವುದು ಯಾವ ಕಡೆಗೆಂದು ಚಿತ್ರದ ಮೇಲೆ ಬರೆದಿರಲಿಲ್ಲ. ಮಲಗಿದವನ ಎಡ ಯಾವುದೆಂದು ಯಾರಿಗೆ ತಾನೇ ಗೊತ್ತಾಗುವುದಿಲ್ಲ ಎಂದುಕೊಂಡಿದ್ದರೇನೋ.

ಗಂಡನನ್ನು ಬೆಳಿಗ್ಗೆಯೇ ಕೇಳಿದ್ದಳು. ಪ್ರಶ್ನೆ ಮುಗಿಯುವ ಮೊದಲೇ ಅವನು, "ಎಲ್ಲಾದ್ರೂ ಸರಿ ಕಣೇ. ಎಲ್ಲಾದ್ರೂ ಸರಿ," ಎಂದಿದ್ದ. ಯಾವ ಮಾತನ್ನೂ ಎರಡು ಸಲ ಹೇಳುವುದು ಅವನ ಅಭ್ಯಾಸ. ಮೀಟರಿನ ಅಂಕಿಯನ್ನೂ ಹಾಗೆಯೇ ಒಮ್ಮೆ ಕೂಗಿ, ಒಂದು ಉಸಿರು ನಿಂತು, ಮತ್ತೊಮ್ಮೆ ಕೂಗುತ್ತಿದ್ದ. ಬೀದಿಯ ಮಕ್ಕಳು ಅವನಿಗೆ 'ಎರಡ್ಸಲ ಮಾಮ' ಎಂದೇ ಹೆಸರಿಟ್ಟಿದ್ದರು.

"ಏನತ್ತಿಗೆ, ಬೊಂಬೆ ಹತ್ರ ಮಾತಾಡೋ ಹಾಗಾಯ್ತಾ?"

ಬಾಗಿಲಲ್ಲಿ ನಾದಿನಿ. ಕೈಯಲ್ಲಿ ಮಗಳ ಕೋಟು; ತೋಳು ಎರಡು ಬೆರಳು ಗಿಡ್ಡ ಮಾಡಬೇಕು. ಬಂದವಳೇ ಸ್ಟೂಲು ಎಳೆದುಕೊಂಡು ಕುಳಿತು, ಹಾಳೆಯನ್ನು ಕಿತ್ತುಕೊಂಡು ನೋಡಿದಳು.

"ಈ ವಯಸ್ಸಲ್ಲಿ ಮಧುಚಂದ್ರ! ಮೊಣಕಾಲಿಗೆ ಹಚ್ಕೊಳ್ಳೋ ಎಣ್ಣೆ ಮರೀಬೇಡಿ, ಅಷ್ಟೇ ನಾನು ಹೇಳೋದು."

"ನಿನ್ನ ನಾಲಿಗೆಗೆ ಮೊದಲು ಎರಡು ಹೊಲಿಗೆ ಹಾಕ್ತೀನಿ ಇರು."

"ಹಾಕಿ, ಹಾಕಿ. ನಮ್ಮ ಮನೆಯವರು ಪುಣ್ಯ ಬಂತು ಅಂತಾರೆ." ನಕ್ಕವಳು, ಹಾಳೆಯ ಮೇಲಿನ ಹೆಸರು ಕಣ್ಣಿಗೆ ಬಿದ್ದೊಡನೆ ದನಿ ಇಳಿಸಿದಳು. "ಅಯ್ಯೋ, ಇದೇ ಅಲ್ವಾ ಅದು? ಮೊದಲನೇ ಅತ್ತಿಗೆ..."

"ಹೂಂ."

"ಅಣ್ಣ ಏನಂದ?"

"ಎಲ್ಲಾದ್ರೂ ಸರಿ ಅಂದ್ರು."

"ಬಾಯೇನೋ ಅಂತು," ಎಂದು ನಾದಿನಿ ಕೋಟನ್ನು ಮಡಿಲಿನಿಂದ ಎತ್ತಿ ಮೇಜಿನ ಮೇಲಿಟ್ಟಳು. ಸ್ವಲ್ಪ ಹೊತ್ತು ಇಬ್ಬರೂ ತೋಳಿನ ಅಳತೆಯನ್ನಷ್ಟೇ ಮಾತಾಡಿದರು.

ಟೈಲರಮ್ಮ ಅವನ ಎರಡನೆಯ ಹೆಂಡತಿ. ಹರೆಯದಲ್ಲಿ ಅವನು ಆ ದ್ವೀಪದಲ್ಲಿ ಸಮುದ್ರದ ಏರಿಳಿತ ಅಳೆದು ಬರೆಯುವ ಕೆಲಸದಲ್ಲಿದ್ದ. ಮೊದಲನೆಯವಳು ಅಲ್ಲಿ ಅವನೊಡನೆ ಹದಿನಾಲ್ಕು ತಿಂಗಳು ಸಂಸಾರ ಮಾಡಿ, ಒಂದು ಬಿರುಗಾಳಿಯ ವಾರದಲ್ಲಿ ಜ್ವರ ಬಂದು, ನಾಲ್ಕು ದಿನ ದೋಣಿ ಬಿಡದೆ, ಅಲ್ಲಿಯೇ ತೀರಿಕೊಂಡಳು. ಇಷ್ಟನ್ನೂ ಹೇಳಿದ್ದು ನಾದಿನಿ. ಅವನು ಹೇಳಿದ್ದು, ಮದುವೆಯಾದ ಹೊಸತರಲ್ಲಿ, ಒಂದೇ ಒಂದು ಮಾತು: "ದೋಣಿ ಇಳಿದು ಬಲಕ್ಕೆ. ಕಲ್ಲಿನ ತೊಟ್ಟಿ ದಾಟಿದ್ರೆ ಮನೆ." ಅದನ್ನು ಮಾತ್ರ ಎರಡು ಸಲ ಹೇಳಿರಲಿಲ್ಲ.

ಸತ್ತವಳ ಗುರುತೆಂದು ಮನೆಯಲ್ಲಿ ಉಳಿದದ್ದು ಒಂದು ತಿಳಿನೀಲಿ ಅಂಗಿ. ಅವನಿಗೆಂದು ಅವಳೇ ಕೈಯಲ್ಲಿ ಹೊಲಿದದ್ದು. ಅದರ ಜೇಬು ಬಲಕ್ಕಿತ್ತು. ಹೊಸ ಹೆಂಡತಿ ಅದನ್ನು ಕಂಡ ದಿನವೇ ನಕ್ಕು, "ಇದೇನ್ರೀ, ಜೇಬು ಉಲ್ಟಾ ಕೂತಿದೆ? ಕೊಡಿ ಇಲ್ಲಿ, ಬಿಚ್ಚಿ ಎಡಕ್ಕೆ ಹಾಕ್ತೀನಿ, ಹತ್ತು ನಿಮಿಷದ ಕೆಲಸ," ಎಂದು ಕೈ ಚಾಚಿದ್ದಳು. ಅವನು "ಬೇಡ" ಎಂದಿದ್ದ. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಸಿಟ್ಟಿದ್ದಿದ್ದರೆ ಜಗಳವಾಡಬಹುದಿತ್ತು. ಅಂಗಿ ಪೆಟ್ಟಿಗೆಯ ತಳ ಸೇರಿತು. ವರ್ಷಕ್ಕೊಂದು ಸಲ ಅವನು ಅದನ್ನು ಬಿಸಿಲಿಗೆ ಹಾಕಿದಾಗ ಅವಳು ಹಿತ್ತಲ ಕಡೆ ಹೋಗುತ್ತಿರಲಿಲ್ಲ.

ಒಳ್ಳೆಯವನು. ಇಪ್ಪತ್ತೆರಡು ವರ್ಷಗಳಲ್ಲಿ ಒಂದು ಗಡಸು ಮಾತಾಡಿದವನಲ್ಲ. ಆದರೆ ಒಮ್ಮೊಮ್ಮೆ ತುತ್ತು ಕೈಯಲ್ಲಿರುವಾಗಲೇ ಎಲ್ಲಿಗೋ ಹೋಗಿಬಿಡುತ್ತಿದ್ದ. ಅವಳು ಕಾಯುತ್ತಿದ್ದಳು. ಅವನು ಬರುತ್ತಿದ್ದ. ಅವಳಪ್ಪನೂ ದರ್ಜಿ, ಬಟ್ಟೆ ಕತ್ತರಿಸುವಾಗ ಹಳೆಯ ಪದಗಳನ್ನು ಹೇಳಿಕೊಳ್ಳುತ್ತಿದ್ದ, ಕತ್ತರಿಯ ಕಿರ್ರ್ ಎನ್ನುವ ಸದ್ದಿಗೆ ಸಾಲು ಕೂಡಿಸಿ. ಅವುಗಳಲ್ಲೊಂದು ಅವಳಿಗೆ ಆಗಾಗ ನೆನಪಾಗುತ್ತಿತ್ತು:

*ಹಾಸಿದ ಕೈ ಹಾಸಿಗೆಯ ಬಲ್ಲುದು,*
*ಮಲಗಿದವನ ಕನಸ ಬಲ್ಲುದೆ?*

ಈಗ ಮೂರು ದಿನ. ಆ ದ್ವೀಪವೇ ಆಗಲಿ, ಆದರೆ ಆ ಮೊದಲನೆಯವಳು ಬಾಳದ ಮಗ್ಗುಲಿನಲ್ಲಿ. ಅವಳ ಕಿಟಕಿ ಇಲ್ಲದ, ಅವಳ ತೊಟ್ಟಿ ಇಲ್ಲದ ಕಡೆಯಲ್ಲಿ, ಮೂರು ದಿನ ಈ ಮನುಷ್ಯ ಪೂರ್ತಿ ನನ್ನವನಾಗಿರಲಿ. ಹೆಚ್ಚೇನು ಕೇಳಿದೆ ದೇವರೇ, ಎಂದುಕೊಂಡಳು.

ನಾದಿನಿ ಹೋದ ಮೇಲೆ ಹಾಳೆಯನ್ನು ಬೊಂಬೆಯ ಎದೆಗೆ ಗುಂಡುಪಿನ್ನಿನಿಂದ ಚುಚ್ಚಿ ದೂರ ನಿಂತು ನೋಡಿದಳು. ಅಪ್ಪ ಕಲಿಸಿದ ಮೊದಲ ಪಾಠ ಅದೇ: "ನಿನ್ನ ಎಡ ಅಲ್ಲ ಮಗಳೇ, ಹಾಕ್ಕೊಳ್ಳೋರ ಎಡ. ಬಟ್ಟೆ ಒಳಗೆ ನೀನು ಹೋಗಿ ನಿಲ್ಲಬೇಕು." ನಿಂತಳು. ದ್ವೀಪದೊಳಗೆ ಹೋಗಿ ಅಂಗಾತ ಮಲಗಿದಳು. ಪಾದದ ಬಳಿ ದೋಣಿ ಇಳಿಯುವವನಿಗೆ ಯಾವುದು ಬಲವೋ ಅದು ಮಲಗಿದವನಿಗೆ ಎಡ. ಅಂದರೆ ಅವನ ಹಳೆಯ ಮನೆ ಇರುವುದು ಎಡಮಗ್ಗುಲಿನಲ್ಲಿ. ಲೆಕ್ಕ ಸರಿಹೋಯಿತು. ಫೋನು ಎತ್ತಿ, "ನಮಗೆ ಬಲಮಗ್ಗುಲು," ಎಂದಳು.

ಸಂಜೆ ಗಂಡನಿಗೆ ತಿಳಿಸಿದಾಗ ಅವನು ಶೂ ಲೇಸು ಬಿಚ್ಚುತ್ತಿದ್ದ. ಬೆರಳು ನಿಂತಿತು. ತಲೆಯೆತ್ತಿ ಅವಳನ್ನು ನೋಡಿದ ನೋಟದಲ್ಲಿ ಅವಳು ಎಂದೂ ಕಾಣದ ಏನೋ ಇತ್ತು. "ಬಲಮಗ್ಗುಲಾ?" ಎಂದ. "ಬಲಮಗ್ಗುಲು ಅಂದ್ಯಾ?"

"ಹೂಂ. ಯಾಕೆ, ಬೇಡ್ವಾ?"

"ಇಲ್ಲ ಇಲ್ಲ. ಆಗ್ಲಿ." ಲೇಸು ಗಂಟಾಗಿತ್ತು, ಅವನು ಬಹಳ ಹೊತ್ತು ಅದನ್ನೇ ಬಿಡಿಸುತ್ತ ಕುಳಿತ.

ದೋಣಿ ದ್ವೀಪ ಮುಟ್ಟಿದ್ದು ಮಧ್ಯಾಹ್ನಕ್ಕೆ. ಕಟ್ಟೆಯ ಮೇಲೆ ಮನೆಯೊಡತಿ ಕಾಯುತ್ತಿದ್ದಳು, ಕಟ್ಟಿಗೆಯಂಥ ಕೈಕಾಲಿನ ಮುದುಕಿ, ತಳ್ಳುಗಾಡಿಯೊಡನೆ. ಪೆಟ್ಟಿಗೆಗಳನ್ನು ಗಾಡಿಗೆ ಹಾಕಿ ಬಲಕ್ಕೆ ತಿರುಗಿಸಿದಳು.

"ಅಮ್ಮಾ," ಟೈಲರಮ್ಮ ನಿಂತುಬಿಟ್ಟಳು. "ನಾವು ಹೇಳಿದ್ದು ಬಲಮಗ್ಗುಲು."

"ಇದೇ ಅಲ್ವಾ ಬಲ?"

"ಮಲಗಿದವನಿಗೆ ಇದು ಎಡ ಆಗುತ್ತಲ್ಲ."

ಮುದುಕಿ ಸೊಂಟದ ಮೇಲೆ ಕೈಯಿಟ್ಟು ಗುಡ್ಡವನ್ನೊಮ್ಮೆ ನೋಡಿದಳು, ಇವಳನ್ನೊಮ್ಮೆ ನೋಡಿದಳು. "ನಾವು ದೋಣಿಯೋರು ತಾಯಿ. ಬರೋರ ಬಲವೇ ಬಲ. ಮಲಗಿರೋನನ್ನ ಯಾರು ಕೇಳ್ತಾರೆ?" ಎಂದು ಗಾಡಿ ತಳ್ಳಿದಳು.

ಟೈಲರಮ್ಮ ಗಂಡನ ಕಡೆ ತಿರುಗಿದಳು. ಅವನು ಆಗಲೇ ಮುಂದೆ ಹೋಗುತ್ತಿದ್ದ. ಮನೆಮನೆ ಸುತ್ತಿ ಸವೆದ ಆ ಕಾಲುಗಳು ದಾರಿ ಕೇಳದೆ ನಡೆಯುತ್ತಿದ್ದವು. ಕಲ್ಲಿನ ತೊಟ್ಟಿ ಬಂತು. ಅದರ ಪಾಚಿಯ ಅಂಚನ್ನು ಅವನು ಅಂಗೈಯಿಂದ ಸವರಿ ಮುಂದೆ ಹೋದ. ಹಳೆಯ ಮನೆ ಇರಲಿಲ್ಲ. ಅಲ್ಲಿ ಈಗ ಮೀನಿನ ಬಲೆ ಒಣಗಿಸುವ ಬಯಲು. ಅವರು ಇಳಿದುಕೊಂಡ ಮನೆ ಅದಕ್ಕೆ ಅಂಟಿಕೊಂಡಂತೆ ಇತ್ತು.

ಮರುದಿನ ಅವಳಿಗೆ ಎಚ್ಚರವಾದಾಗ ಪಕ್ಕ ಖಾಲಿ. ಕಿಟಕಿಯಲ್ಲಿ ಬೆಳಕು ಹರಿದಿತ್ತು. ಅವನು ಕೆಳಗೆ ನೀರಿನಂಚಿನಲ್ಲಿ ನಿಂತಿದ್ದ. ಸ್ವಲ್ಪ ದೂರದಲ್ಲಿ, ಚಿಪ್ಪು ಅಂಟಿ ಮೈಯೆಲ್ಲ ಕಜ್ಜಿಯಾದಂತಿದ್ದ ಒಂದು ಅಳತೆಗಂಬ ನೀರಿನಲ್ಲಿ ವಾಲಿಕೊಂಡಿತ್ತು.

"ಏಳಡಿ ಎರಡು!" ಅವನು ಕೂಗಿದ.

ಒಂದು ಉಸಿರು ನಿಂತ. ತಲೆಯನ್ನು ತುಸು ಹಿಂದಕ್ಕೆ ವಾಲಿಸಿ, ಬೆನ್ನ ಕಡೆ ಕಿವಿಗೊಟ್ಟು.

"ಏಳಡಿ ಎರಡು."

ಅವಳು ಕಿಟಕಿಯ ಚೌಕಟ್ಟು ಹಿಡಿದುಕೊಂಡಳು. ಇಪ್ಪತ್ತೆರಡು ವರ್ಷ ಅದನ್ನು ಕಸುಬಿನ ಚಾಳಿ ಎಂದುಕೊಂಡಿದ್ದಳು.

ಅವನು ತಿರುಗಿದವನು ಕಿಟಕಿಯಲ್ಲಿ ಅವಳನ್ನು ಕಂಡ. ಒಳಗೆ ಬಂದು ಒದ್ದೆ ಕಾಲಿನಲ್ಲಿಯೇ ಮಂಚದ ತುದಿಗೆ ಕುಳಿತ.

"ನಾನು ಅಲ್ಲಿಂದ ಕೂಗ್ತಿದ್ದೆ. ಅವಳು ಕಿಟಕೀಲಿ ಕೂತು ಬರ್ಕೊಳ್ತಿದ್ಲು. ಗಾಳಿಗೆ ಕೇಳಿಸ್ತಿರ್ಲಿಲ್ಲ, ಇನ್ನೊಂದ್ಸಲ ಹೇಳಿ ಅಂತ ಕೈ ಮಾಡ್ತಿದ್ಲು." ಅಂಗೈಯಿಂದ ಮೊಣಕಾಲು ಉಜ್ಜಿಕೊಂಡ. "ನೀನು ಈ ಕಡೇನೇ ಹೇಳಿದೆ ಅಂದಾಗ ನಂಗೆ ಮಾತೇ ಹೊರಡ್ಲಿಲ್ಲ ಕಣೇ. ಯಾರು ಹೀಗೆ ಮಾಡ್ತಾರೆ? ಎಷ್ಟು ದೊಡ್ಡ ಮನಸ್ಸು ಬೇಕು."

ಸುಮ್ಮನಿದ್ದರೆ ಆ ಮಾತು ಅವಳದೇ ಆಗಿ ಉಳಿಯುತ್ತಿತ್ತು. ಅಷ್ಟು ವರ್ಷ ಕಾದ ಮಾತು.

"ದೊಡ್ಡ ಮನಸ್ಸೂ ಇಲ್ಲ, ಏನೂ ಇಲ್ಲ ರೀ," ಎಂದಳು. "ನಾನು ಆ ಕಡೆ ಅಂದ್ಕೊಂಡು ಹೇಳಿದ್ದು. ಇಲ್ಲಿಗೆ ಬರ್ಬಾರ್ದು ಅಂತ್ಲೇ. ಮೂರು ದಿನ ನೀವು ನನ್ನ ಹತ್ರ ಇರ್ಬೇಕು ಅಂತ. ಎಡ ಬಲ ತಪ್ಪೋಯ್ತು."

ಹೊರಗೆ ಮುದುಕಿ ಬಲೆ ಕೊಡವುತ್ತಿದ್ದಳು. ಒದ್ದೆ ಪಾದದ ಗುರುತು ಬಾಗಿಲಿನಿಂದ ಮಂಚದವರೆಗೆ ಬಂದು, ಒಂದೊಂದಾಗಿ ಆರುತ್ತಿತ್ತು.

"ಜೇಬು ಉಲ್ಟಾ ಹಾಕೋರಿಗೆ ನಗ್ತಿದ್ದೆ," ಎಂದಳು ಅವಳು. "ನಾನೇ ದ್ವೀಪಾನೇ ಉಲ್ಟಾ ಹಾಕ್ದೆ."

ಅವನಿಗೆ ನಗು ಬಂತು. ನಗುತ್ತಲೇ ಕಣ್ಣೊರೆಸಿಕೊಂಡ. ಎದ್ದು, ತನ್ನ ಪೆಟ್ಟಿಗೆ ತೆರೆದು, ತಳಕ್ಕೆ ಕೈ ಹಾಕಿ, ತಿಳಿನೀಲಿ ಅಂಗಿ ತೆಗೆದ. ಅದನ್ನು ಅವನು ತಂದಿದ್ದಾನೆಂದು ಅವಳಿಗೆ ಗೊತ್ತಿರಲಿಲ್ಲ. ತಂದು ಅವಳ ಮಡಿಲಲ್ಲಿ ಇಟ್ಟ.

"ನಿನ್ನ ಬ್ಯಾಗಲ್ಲಿ ಕತ್ತರಿ ಇರುತ್ತಲ್ಲ," ಎಂದ. "ಇದರ ಜೇಬು ಬಿಚ್ಚಿ ಎಡಕ್ಕೆ ಹಾಕ್ಕೊಡು. ಇವತ್ತೇ ಹಾಕ್ಕೊಡು. ಹಾಕ್ಕೊಂಡು ನಿನ್ನ ಜೊತೆ ಆ ಕಡೆಗೆ ಹೋಗ್ತೀನಿ."

ಅವನು ಹೇಳಿದ್ದು ಬರಿಯ ಬಾಯಿಂದಲ್ಲ. ಅಂಗಿಯ ಮೇಲೆ ಇನ್ನೂ ಇದ್ದ ಕೈಯನ್ನು ಆಮೇಲೆ ತಾನೇ ತೆಗೆದ.

ಟೈಲರಮ್ಮ ಬ್ಯಾಗಿನಿಂದ ಸಣ್ಣ ಕತ್ತರಿ ತೆಗೆದಳು. ಕನ್ನಡಕ ಹಾಕಿಕೊಂಡಳು. ಕಿಟಕಿಯ ಬಳಿ ಹೋಗಿ ಆ ಜೇಬನ್ನು ಮೊದಲ ಬಾರಿಗೆ ಕೈಯಲ್ಲಿ ಹಿಡಿದು ನೋಡಿದಳು. ಕಲಿಯುವವರ ಹೊಲಿಗೆ, ಒಂದು ಉದ್ದ, ಒಂದು ಗಿಡ್ಡ. ಅರ್ಧದಲ್ಲಿ ನೀಲಿ ದಾರ ಮುಗಿದು ಬಿಳಿಯದು ಶುರುವಾಗಿತ್ತು, ದೋಣಿ ಬಂದಿರಲಿಲ್ಲವೇನೋ. ಆದರೆ ಎರಡು ಮೇಲ್ಮೂಲೆಗಳನ್ನು ಮೊದಲನೆಯವಳು ನಾಲ್ಕು ನಾಲ್ಕು ಸಲ ಸುತ್ತಿ ಬಿಗಿದಿದ್ದಳು. ಬಹಳ ವರ್ಷ ಬಾಳಬೇಕಾದ ಜೇಬಿಗೆ ಹಾಕುವಂಥ ಬಿಗಿ.

ಕತ್ತರಿಯ ತುದಿಯನ್ನು ಮೊದಲ ಗಂಟಿನ ಕೆಳಗೆ ತೂರಿಸಿದಳು. ಹಾಗೆಯೇ ನಿಲ್ಲಿಸಿದಳು. ಹೊರತೆಗೆದಳು. ಅಂಗಿಯ ಎರಡು ಹೆಗಲನ್ನು ಎರಡು ಕೈಯಲ್ಲಿ ಹಿಡಿದು, ಅವನೇ ಅದರೊಳಗೆ ನಿಂತು ತನ್ನನ್ನು ನೋಡುತ್ತಿರುವ ಹಾಗೆ, ಮುಖಕ್ಕೆ ಎದುರಾಗಿ ಎತ್ತಿ ಹಿಡಿದಳು. ಮೆಲ್ಲಗೆ ಹತ್ತಿರ ತಂದು ಮೈಗೆ ಆನಿಸಿಕೊಂಡಳು. ಜೇಬು ಬಂದು ಅವಳ ಎಡಗಡೆಗೆ ಕೂತಿತು. ಹೊಲಿದವಳೂ ಹೀಗೆಯೇ ಎದುರಿಗೆ ಹಿಡಿದು, ತನ್ನ ಎಡವನ್ನೇ ಎಡವೆಂದುಕೊಂಡಿದ್ದಳೇನೋ.

ಕೆಳಗೆ ನೀರು ಇಳಿಯುತ್ತಿತ್ತು. ಕಂಬದ ಮೇಲೆ ಒದ್ದೆಯ ಇನ್ನೊಂದು ಗೆರೆ ಕಾಣತೊಡಗಿತ್ತು.

"ಕೇಳಿಸ್ತಾ?" ಅವನು ಕೇಳಿದ. "ಬಿಚ್ಚಿಕೊಡ್ತೀಯಾ?"

"ಇಲ್ಲ ರೀ," ಎಂದಳು. "ಅಕ್ಕ ಹಾಕಿದ್ದು. ನಾನು ಬಿಚ್ಚಲ್ಲ."